ನಾಯಿಗಳ ಅಡ್ರಿನಲ್ ಕಾಯಿಲೆಗಳು: ಪತ್ತೆ ಮತ್ತು ಚಿಕಿತ್ಸೆ ಬೆಳೆದು ಬಂದ ದಾರಿ

ನಾಯಿಯ ಎರಡೂ ಮೂತ್ರಪಿಂಡಗಳ ಪಕ್ಕದಲ್ಲಿ, ಕೊಬ್ಬಿನೊಳಗೆ ಹುದುಗಿಕೊಂಡು ಒಂದೊಂದು ಅಡ್ರಿನಲ್ ಗ್ರಂಥಿ ಇರುತ್ತದೆ. ಗಾತ್ರದಲ್ಲಿ ಶೇಂಗಾ ಬೀಜಕ್ಕಿಂತ ತುಸು ಉದ್ದ, ಅಷ್ಟೆ. ಅದರ ಹೊರಪದರದಿಂದ ಕಾರ್ಟಿಸಾಲ್ ಮತ್ತು ಆಲ್ಡೋಸ್ಟಿರೋನ್, ಒಳತಿರುಳಿನಿಂದ ಅಡ್ರಿನಲಿನ್ ಸ್ರವಿಸುತ್ತವೆ. ಕಾರ್ಟಿಸಾಲ್ ಸಕ್ಕರೆ, ಕೊಬ್ಬು ಮತ್ತು ರೋಗನಿರೋಧಕ ಶಕ್ತಿಯನ್ನು ಹತೋಟಿಯಲ್ಲಿಡುತ್ತದೆ. ಆಲ್ಡೋಸ್ಟಿರೋನ್ ರಕ್ತದ ಸೋಡಿಯಂ, ಪೊಟ್ಯಾಸಿಯಂ ಪ್ರಮಾಣವನ್ನು ಕಾಯುತ್ತದೆ. ಕಾರ್ಟಿಸಾಲ್ ಹೆಚ್ಚಾದರೆ ಕುಶಿಂಗ್ ಕಾಯಿಲೆ, ಇವೆರಡೂ ಬತ್ತಿದರೆ ಅಡಿಸನ್ ಕಾಯಿಲೆ.

ಈ ಗ್ರಂಥಿಯ ಬಗ್ಗೆ ಮನುಷ್ಯ ಕಲಿತದ್ದರಲ್ಲಿ ದೊಡ್ಡ ಪಾಲು ನಾಯಿಯ ದೇಹದಿಂದಲೇ ಬಂದದ್ದು. ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ಮನುಷ್ಯರಲ್ಲಿ ಅಡ್ರಿನಲ್ ನಾಶದ ಲಕ್ಷಣಗಳನ್ನು ವಿವರಿಸಿದ. ಮರುವರ್ಷವೇ ಬ್ರೌನ್-ಸೆಕಾರ್ ಪ್ರಾಣಿಗಳಲ್ಲಿ ಎರಡೂ ಗ್ರಂಥಿಗಳನ್ನು ತೆಗೆದು, ಅವಿಲ್ಲದೆ ಜೀವ ಉಳಿಯದೆಂದು ತೋರಿಸಿದ. 1894ರ ವೇಳೆಗೆ ಆಲಿವರ್ ಮತ್ತು ಶೇಫರ್ ಅಡ್ರಿನಲ್ ಸಾರವನ್ನು ನಾಯಿಗಳಿಗೆ ಚುಚ್ಚಿ ರಕ್ತದೊತ್ತಡ ಥಟ್ಟನೆ ಏರುವುದನ್ನು ಕಂಡರು. 1930ರ ಸುಮಾರಿಗೆ ಸ್ವಿಂಗಲ್ ಮತ್ತು ಫಿಫ್ನರ್ ಗ್ರಂಥಿ ತೆಗೆದ ಪ್ರಾಣಿಗಳನ್ನು ಹೊರಪದರದ ಸಾರ ಕೊಟ್ಟೇ ಬದುಕಿಸಿದರು. 1932ರಲ್ಲಿ ಹಾರ್ವೆ ಕುಶಿಂಗ್ ತನ್ನ ಹೆಸರಿನ ಕಾಯಿಲೆಗೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಸಣ್ಣ ಗಡ್ಡೆ ಕಾರಣವೆಂದು ಬರೆದ. ಅದಕ್ಕೂ ಮೊದಲು ಆತ ನಾಯಿಗಳ ಪಿಟ್ಯುಟರಿಯ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದ್ದ. ಇಷ್ಟೆಲ್ಲ ಕೊಟ್ಟ ಪ್ರಾಣಿಗೆ ಅದರ ಫಲ ಮರಳಿ ದಕ್ಕಲು ದಶಕಗಳೇ ಬೇಕಾದವು.

ನಾಯಿಗಳಲ್ಲಿ ತಾನಾಗಿ ಬರುವ ಕುಶಿಂಗ್ ಕಾಯಿಲೆ ಹೆಚ್ಚಾಗಿ ನಡುವಯಸ್ಸು ದಾಟಿದ ಮೇಲಿನದು. ನೂರರಲ್ಲಿ 80ರಿಂದ 85 ಪ್ರಕರಣಗಳಿಗೆ ಪಿಟ್ಯುಟರಿ ಗಡ್ಡೆ ಮೂಲ. ಉಳಿದವುಗಳಿಗೆ ಅಡ್ರಿನಲ್ ಗಡ್ಡೆಯೇ ಮೂಲ, ಅವುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕ್ಯಾನ್ಸರ್. ಲಕ್ಷಣಗಳು ಎರಡರಲ್ಲೂ ಒಂದೇ: ತೀರದ ಬಾಯಾರಿಕೆ, ಪದೇ ಪದೇ ಮೂತ್ರ, ಎಷ್ಟು ತಿಂದರೂ ಹಸಿವು, ಜೋತುಬಿದ್ದ ಹೊಟ್ಟೆ, ಮೈಯ ಎರಡೂ ಬದಿಗೆ ಸಮನಾಗಿ ಉದುರುವ ಕೂದಲು, ಕಾಗದದಂತೆ ತೆಳುವಾದ ಚರ್ಮ, ನಿಲ್ಲದ ಏದುಸಿರು.

ಸಂಡೂರು, ಹೊಸಪೇಟೆ, ಕಂಪ್ಲಿಯ ಕಡೆ ಈ ಲಕ್ಷಣಗಳನ್ನು ಗುರುತಿಸುವಲ್ಲಿ ಒಂದು ತೊಡಕಿದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಆರೋಗ್ಯವಾಗಿರುವ ನಾಯಿಯೂ ಏದುಸಿರು ಬಿಡುತ್ತದೆ, ನೀರಿನ ತಟ್ಟೆ ಖಾಲಿ ಮಾಡುತ್ತದೆ. ಹಾಗಾಗಿ ಅಂದಾಜಿಗಿಂತ ಅಳತೆ ಮುಖ್ಯ. ನಾಯಿ 24 ಗಂಟೆಯಲ್ಲಿ ಕುಡಿಯುವ ನೀರು ತೂಕದ ಪ್ರತಿ ಕೆ.ಜಿ.ಗೆ 100 ಮಿ.ಲೀ. ಮೀರಿದರೆ ಅದು ಬಿಸಿಲಿನ ಬಾಯಾರಿಕೆ ಎಂದು ತಳ್ಳಿಹಾಕುವಂತಿಲ್ಲ. ಸಕ್ಕರೆ ಕಾಯಿಲೆ, ಕಿಡ್ನಿ ವೈಫಲ್ಯ, ಹೆಣ್ಣು ನಾಯಿಗಳ ಗರ್ಭಕೋಶದ ಕೀವು ಕೂಡ ಇದೇ ಬಾಯಾರಿಕೆ ತರುವುದರಿಂದ ರಕ್ತ, ಮೂತ್ರದ ಸಾಮಾನ್ಯ ಪರೀಕ್ಷೆ ಮೊದಲು ಆಗಬೇಕು. ಕುಶಿಂಗ್ ಇದ್ದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಯಕೃತ್ತಿನ ಕಿಣ್ವ ಸಾಮಾನ್ಯವಾಗಿ ಬಹಳ ಏರಿರುತ್ತದೆ. ಕಾರ್ಟಿಸಾಲ್‌ನಂಥ ಸ್ಟಿರಾಯ್ಡಿಗೆ ಹೀಗೆ ಏರುವ ಅದರ ಒಂದು ಬಗೆ ನಾಯಿಗಳಲ್ಲೇ ವಿಶೇಷ.

ಕಾರ್ಟಿಸಾಲ್ ದಿನವಿಡೀ ಏರಿಳಿಯುತ್ತದೆ, ಹೆದರಿಕೆಗೂ ಏರುತ್ತದೆ. ಆದ್ದರಿಂದ ಒಂದೇ ಸಲದ ರಕ್ತಪರೀಕ್ಷೆ ಕುಶಿಂಗ್ ಪತ್ತೆಗೆ ಸಾಲದು. ಈ ಅರಿವಿನಿಂದ ಮೂರು ಪರೀಕ್ಷೆಗಳು ರೂಪುಗೊಂಡವು. ಕಡಿಮೆ ಪ್ರಮಾಣದ ಡೆಕ್ಸಾಮೆಥಸೋನ್ ಪರೀಕ್ಷೆಯಲ್ಲಿ ಪ್ರತಿ ಕೆ.ಜಿ.ಗೆ 0.01 ಮಿ.ಗ್ರಾಂ. ಔಷಧಿ ಚುಚ್ಚಿ, ಮೊದಲು, ನಾಲ್ಕು ಗಂಟೆಗೆ ಮತ್ತು ಎಂಟು ಗಂಟೆಗೆ ರಕ್ತ ತೆಗೆಯುತ್ತಾರೆ. ಆರೋಗ್ಯವಂತ ನಾಯಿಯಲ್ಲಿ ಕಾರ್ಟಿಸಾಲ್ ತಗ್ಗುತ್ತದೆ, ಕಾಯಿಲೆಯದರಲ್ಲಿ ತಗ್ಗದು ಅಥವಾ ತಗ್ಗಿ ಮತ್ತೆ ಏರುತ್ತದೆ. ಎಸಿಟಿಎಚ್ ಪರೀಕ್ಷೆಯಲ್ಲಿ ಆ ಹೆಸರಿನ ಪಿಟ್ಯುಟರಿ ಹಾರ್ಮೋನ್ ಚುಚ್ಚಿ ಅಡ್ರಿನಲ್ ಗ್ರಂಥಿಯನ್ನು ಕೆರಳಿಸಿ ಒಂದು ಗಂಟೆಯ ನಂತರ ಅಳೆಯುತ್ತಾರೆ. ಮೂರನೆಯದು ಮೂತ್ರದ ಕಾರ್ಟಿಸಾಲ್-ಕ್ರಿಯಾಟಿನಿನ್ ಅನುಪಾತ. ದೂರದ ಊರಿನವರಿಗೆ ಇದು ತುಂಬಾ ಅನುಕೂಲ: ಪ್ರಯಾಣದ ಗಾಬರಿ ಇಲ್ಲದೆ, ಎರಡು ಮೂರು ದಿನ ಬೆಳಗಿನ ಮೂತ್ರವನ್ನು ಮನೆಯಲ್ಲೇ ಹಿಡಿದು ಕಳಿಸಬಹುದು. ಅನುಪಾತ ಸಹಜವಾಗಿದ್ದರೆ ಕುಶಿಂಗ್ ಇಲ್ಲವೆಂದೇ ಬಹುಮಟ್ಟಿಗೆ ನಂಬಬಹುದು. ಹೆಚ್ಚಿದ್ದರೆ ಮಾತ್ರ ಮುಂದಿನ ಪರೀಕ್ಷೆ.

ನಾಯಿಯ ಮತ್ತು ಮನುಷ್ಯನ ಕಾರ್ಟಿಸಾಲ್ ಅಣು ಒಂದೇ. ಹೀಗಾಗಿ ನಾಯಿಯ ರಕ್ತಕ್ಕೆ ಸರಿಹೊಂದುವುದೆಂದು ಖಚಿತಪಡಿಸಿಕೊಂಡ ಮೇಲೆ ಮನುಷ್ಯರ ಲ್ಯಾಬಿನ ಯಂತ್ರದಲ್ಲೂ ಅದನ್ನು ಅಳೆಯಬಹುದು. ವರದಿಯ ಮಾಪಕ ಮಾತ್ರ ನೋಡಬೇಕು: ಒಂದು ಮೈಕ್ರೋಗ್ರಾಂ ಪ್ರತಿ ಡೆಸಿಲೀಟರ್ ಎಂದರೆ 27.6 ನ್ಯಾನೋಮೋಲ್ ಪ್ರತಿ ಲೀಟರ್.

ಗಡ್ಡೆ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಸುಲಭವಾದದ್ದು ಹೊಟ್ಟೆಯ ಅಲ್ಟ್ರಾಸೌಂಡ್ ಬಂದ ಮೇಲೆ. ಪಿಟ್ಯುಟರಿ ಕಾರಣವಾದರೆ ಎರಡೂ ಗ್ರಂಥಿಗಳು ಉಬ್ಬುತ್ತವೆ. ಅಡ್ರಿನಲ್ ಗಡ್ಡೆಯಾದರೆ ಸಾಮಾನ್ಯವಾಗಿ ಒಂದು ಬೆಳೆದು ಇನ್ನೊಂದು ಸೊರಗುತ್ತದೆ. 2 ಸೆಂ.ಮೀ. ಮೀರಿದ ಗಡ್ಡೆ ಕ್ಯಾನ್ಸರ್ ಇರಬಹುದೆಂಬ ಶಂಕೆ ಬಲವಾಗುತ್ತದೆ. ಬಲಗ್ರಂಥಿ ಹೃದಯಕ್ಕೆ ರಕ್ತ ಒಯ್ಯುವ ಮಹಾಸಿರೆಗೆ ಅಂಟಿಕೊಂಡೇ ಇರುವುದರಿಂದ ಗಡ್ಡೆ ಸಿರೆಯೊಳಗೆ ನುಗ್ಗಿದೆಯೇ ಎಂದು ತಿಳಿಯಲು ಶಸ್ತ್ರಚಿಕಿತ್ಸೆಗೆ ಮೊದಲು ಸಿ.ಟಿ. ಸ್ಕ್ಯಾನ್ ಬೇಕು. ಹರಡಿರದ ಗಡ್ಡೆಗೆ ಗ್ರಂಥಿಯನ್ನೇ ತೆಗೆಯುವುದು ಅತ್ಯುತ್ತಮ ಚಿಕಿತ್ಸೆ. ಅಪಾಯ ಕಡಿಮೆಯದಲ್ಲ, ಆದರೆ ಮೊದಲ ಕೆಲವು ವಾರ ದಾಟಿದ ನಾಯಿಗಳು ವರ್ಷಗಟ್ಟಲೆ ಬಾಳುತ್ತವೆ.

ಒಳತಿರುಳಿನ ಗಡ್ಡೆಯಾದ ಫಿಯೋಕ್ರೋಮೋಸೈಟೋಮ ಇನ್ನೂ ಕಪಟಿ. ಅಡ್ರಿನಲಿನ್ ಅಲೆಯಲೆಯಾಗಿ ಚಿಮ್ಮಿದಾಗ ನಾಯಿ ಕುಸಿಯುತ್ತದೆ, ನಡುಗುತ್ತದೆ. ಆಸ್ಪತ್ರೆ ತಲುಪುವಷ್ಟರಲ್ಲಿ ಸರಿಯಾಗಿರುತ್ತದೆ. ಅಡ್ರಿನಲಿನ್ ಒಡೆದು ಉಳಿಯುವ ಮೆಟಾನೆಫ್ರಿನ್ ಅನ್ನು ಮೂತ್ರದಲ್ಲಿ ಅಳೆಯುವುದು ಇದನ್ನು ಹಿಡಿದುಕೊಡುತ್ತದೆ. 2008ರ ಅಮೆರಿಕದ ಅಧ್ಯಯನವೊಂದರಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತದೊತ್ತಡ ತಗ್ಗಿಸುವ ಫೆನಾಕ್ಸಿಬೆಂಜಮೀನ್ ಪಡೆದ ನಾಯಿಗಳಲ್ಲಿ ಸಾವು ಶೇ. 13, ಪಡೆಯದವುಗಳಲ್ಲಿ ಶೇ. 48. ಈ ಕ್ಷೇತ್ರದಲ್ಲಿ ಒಂದು ಮಾತ್ರೆ ಇಷ್ಟು ವ್ಯತ್ಯಾಸ ತಂದ ಉದಾಹರಣೆ ಅಪರೂಪ.

ಪಿಟ್ಯುಟರಿ ಮೂಲದ ಕುಶಿಂಗ್ ಕಾಯಿಲೆಗೆ ಔಷಧಿ ಸಿಕ್ಕಿದ ದಾರಿ ವಿಚಿತ್ರ. ಡಿಡಿಟಿಯ ಬಂಧುವಾದ ಡಿಡಿಡಿ ಎಂಬ ಕೀಟನಾಶಕ ನಾಯಿಗಳ ಅಡ್ರಿನಲ್ ಹೊರಪದರವನ್ನು ಸೊರಗಿಸುತ್ತದೆಂದು 1949ರಲ್ಲಿ ನೆಲ್ಸನ್ ಮತ್ತು ವುಡರ್ಡ್ ಕಂಡರು. ಅದರಿಂದ ಹುಟ್ಟಿದ ಮೈಟೋಟೇನ್ 1970ರ ದಶಕದಿಂದ ನಾಯಿಗಳ ಮುಖ್ಯ ಔಷಧಿಯಾಯಿತು. ಪ್ರಮಾಣ ಮೀರಿದರೆ ಗ್ರಂಥಿ ಪೂರ್ತಿ ನಾಶವಾಗುವ ಭಯ ಅದಕ್ಕಿತ್ತು. ನಂತರ ಬಂದ ಟ್ರೈಲೋಸ್ಟೇನ್ ಗ್ರಂಥಿಯನ್ನು ಕೊಲ್ಲದೆ ಕಾರ್ಟಿಸಾಲ್ ತಯಾರಿಯನ್ನು ತಡೆಯುತ್ತದೆ. ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ಪಡೆದ ಅದು ಇಂದು ಮೊದಲ ಆಯ್ಕೆ. ಊಟದ ಜೊತೆಯೇ ಕೊಡಬೇಕು. ಮೊದಲ ತಿಂಗಳಲ್ಲಿ ಮತ್ತು ಆಮೇಲೆ ಆಗಾಗ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ವಾಂತಿ, ಭೇದಿ, ಊಟ ಬಿಡುವುದು ಕಂಡರೆ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಅಡಿಸನ್ ಕಾಯಿಲೆ ಕಣ್ತಪ್ಪಿಸಿಕೊಳ್ಳುವುದು ಹೆಚ್ಚು. ಬಳಲಿಕೆ, ಆಗೊಮ್ಮೆ ಈಗೊಮ್ಮೆ ವಾಂತಿ, ತೂಕ ಇಳಿಕೆ. ಸಲೈನ್ ಹಾಕಿದರೆ ಚೇತರಿಕೆ, ಕೆಲವು ದಿನಗಳಲ್ಲಿ ಮತ್ತೆ ಅದೇ. ಉಣ್ಣಿ ಜ್ವರ ಸಾಮಾನ್ಯವಾದ ಸಂಡೂರಿನ ಕಡೆ ಇದೂ ಅದೇ ಎಂದು ಔಷಧಿ ನಡೆದುಹೋಗುವುದು ಸಹಜ. ಸೋಡಿಯಂ-ಪೊಟ್ಯಾಸಿಯಂ ಅನುಪಾತ 27ಕ್ಕಿಂತ ಕೆಳಗಿದ್ದರೆ ಸಂಶಯಪಡಬೇಕು. ಕುಸಿದ ನಾಯಿಯ ಎದೆಬಡಿತ ಜೋರಾಗುವ ಬದಲು ನಿಧಾನವಾಗಿರುವುದು ಇನ್ನೊಂದು ಸುಳಿವು. ವಿಶ್ರಾಂತ ಸ್ಥಿತಿಯ ಕಾರ್ಟಿಸಾಲ್ ಪ್ರತಿ ಡೆಸಿಲೀಟರ್‌ಗೆ 2 ಮೈಕ್ರೋಗ್ರಾಂ ಮೀರಿದ್ದರೆ ಅಡಿಸನ್ ಅಲ್ಲ. ಕಡಿಮೆಯಿದ್ದರೆ ಎಸಿಟಿಎಚ್ ಪರೀಕ್ಷೆ ಬೇಕು. ತುರ್ತಿನಲ್ಲಿ ಡೆಕ್ಸಾಮೆಥಸೋನ್ ಚುಚ್ಚಿದರೆ ಪರೀಕ್ಷೆ ಕೆಡದು. ಪ್ರೆಡ್ನಿಸೋಲೋನ್ ಆದರೆ ಯಂತ್ರ ಅದನ್ನೇ ಕಾರ್ಟಿಸಾಲ್ ಎಂದು ಎಣಿಸುತ್ತದೆ. ಫ್ಲುಡ್ರೋಕಾರ್ಟಿಸೋನ್ ಮತ್ತು ಸ್ವಲ್ಪ ಪ್ರೆಡ್ನಿಸೋಲೋನ್ ಮಾತ್ರೆಗಳನ್ನು ಜೀವನಪೂರ್ತಿ ಕೊಟ್ಟರೆ ನಾಯಿ ಪೂರ್ಣ ಆಯುಷ್ಯ ಬಾಳುತ್ತದೆ.

ಕುಶಿಂಗ್‌ನಂತೆ ಕಾಣುವ, ಕೂದಲುದುರುವ, ದಪ್ಪವಾಗುವ ನಾಯಿಗೆ ಥೈರಾಯ್ಡ್ ಕೊರತೆಯೂ ಇರಬಹುದು. ಅದರಲ್ಲಿ ಅತಿಯಾದ ಬಾಯಾರಿಕೆ ಇರುವುದಿಲ್ಲ. ಕಾರ್ಟಿಸಾಲ್‌ನಂತಲ್ಲ, ಥೈರಾಯ್ಡ್ ಪರೀಕ್ಷೆಗೆ ಬಳಸುವ ಮನುಷ್ಯರ ಟಿಎಸ್‌ಎಚ್ ಕಿಟ್ ನಾಯಿಗೆ ನಡೆಯದು. ಗ್ರೇಹೌಂಡ್‌ನಂಥ ಬೇಟೆನಾಯಿಗಳಲ್ಲಿ ಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನ್ ಸಹಜವಾಗಿಯೇ ಕಡಿಮೆ. ಅದೇ ಮೈಕಟ್ಟಿನ ಮುಧೋಳ ನಾಯಿಯ ವರದಿಯನ್ನೂ ಈ ಎಚ್ಚರದಿಂದ ಓದುವುದು ಒಳ್ಳೆಯದು. ಸ್ಟಿರಾಯ್ಡ್ ಔಷಧಿಯೂ ಥೈರಾಕ್ಸಿನ್ ಅಂಶವನ್ನು ತಗ್ಗಿಸುತ್ತದೆ.

ಕರ್ನಾಟಕದಲ್ಲಿ ಈ ವಿದ್ಯೆ ನೆಲೆಯೂರಿದ್ದು 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳ ಪಶುವೈದ್ಯಕೀಯ ಕಾಲೇಜು ಮತ್ತು ಈಗ ಬೀದರ್‌ನ ಪಶು ವಿಶ್ವವಿದ್ಯಾಲಯದಡಿ ನಡೆಯುವ ಕಾಲೇಜುಗಳಲ್ಲಿ. ಸಂಡೂರಿನ ಕಡೆಯವರಿಗೆ ಇವುಗಳಲ್ಲಿ ಗದಗಿನದು ಹತ್ತಿರ. ಆದರೆ ತಡೆಯಬಹುದಾದ ಕುಶಿಂಗ್‌ಗೆ ಯಾವ ಕಾಲೇಜೂ ಬೇಕಿಲ್ಲ. ತುರಿಕೆಗೆಂದು ತಿಂಗಳುಗಟ್ಟಲೆ ಪ್ರೆಡ್ನಿಸೋಲೋನ್ ಮಾತ್ರೆ, ಮೆಡಿಕಲ್ ಅಂಗಡಿಯಿಂದ ತಂದ ಬೀಟಾಮೆಥಸೋನ್ ಮುಲಾಮು ನಡೆದರೆ ಹೊರಗಿನ ಸ್ಟಿರಾಯ್ಡೇ ಕುಶಿಂಗ್ ತರುತ್ತದೆ, ನಾಯಿಯ ಸ್ವಂತ ಗ್ರಂಥಿ ಸೊರಗುತ್ತದೆ. ಆಗ ಔಷಧಿಯನ್ನು ಏಕಾಏಕಿ ನಿಲ್ಲಿಸಿದರೆ ಅಡಿಸನ್‌ನಂತೆಯೇ ಕುಸಿತ. ಆದ್ದರಿಂದ ನಾಯಿಯನ್ನು ಪಶು ಆಸ್ಪತ್ರೆಗೆ ಒಯ್ಯುವಾಗ ಹಳೆಯ ಔಷಧಿ ಚೀಟಿ, ಮಾತ್ರೆಯ ಪಟ್ಟಿ, ಮುಲಾಮಿನ ಟ್ಯೂಬು ಎಲ್ಲವನ್ನೂ ತಪ್ಪದೆ ಒಯ್ಯಿರಿ. ಸ್ಟಿರಾಯ್ಡನ್ನು ವೈದ್ಯರು ಹೇಳಿದಂತೆ ಹಂತಹಂತವಾಗಿ ಮಾತ್ರ ಇಳಿಸಿರಿ.