ಜೀವಕೋಶದೊಳಗಿನ ಆಮ್ಲತೆಯ ಮಾಪನ: ಒಂದು ಚಾರಿತ್ರಿಕ ಅವಲೋಕನ

ಜೀವಕೋಶವು ಒಂದೇ ದ್ರಾವಣವನ್ನು ತುಂಬಿದ ಪಾತ್ರೆಯಲ್ಲ. ಕೋಶರಸವು ಹೆಚ್ಚುಕಡಿಮೆ ತಟಸ್ಥವಾಗಿದ್ದರೂ, ಅದರಲ್ಲಿಯೇ ನೆಲೆಸಿರುವ ಲೈಸೊಸೋಮುಗಳ ಒಳಭಾಗವು ಆಮ್ಲೀಯವಾಗಿರುತ್ತದೆ. ಕೋಶವನ್ನು ಒಡೆದರೆ ಈ ಭೇದವೇ ಅಳಿಸಿಹೋಗುವುದು. ಆದಕಾರಣ ಜೀವಕ್ಕೆ ಊನವಾಗದಂತೆ ಒಳಗಿನ ಆಮ್ಲತೆಯನ್ನು ಅಳೆಯುವುದು ಹೇಗೆಂಬ ಪ್ರಶ್ನೆಯ ಇತಿಹಾಸವನ್ನು ನಾವಿಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೆಚ್ನಿಕಾಫ್ ಅವರು ಏಕಕೋಶಜೀವಿಗಳಿಗೆ ನೀಲಿ ಲಿಟ್ಮಸ್ ಕಣಗಳನ್ನು ಉಣಿಸಿ, ಅವು ಕೆಂಪಾಗುವುದನ್ನು ಕಂಡರು. ಆಮ್ಲವಿದೆಯೆಂಬುದು ತಿಳಿಯಿತು, ಎಷ್ಟಿದೆಯೆಂಬುದು ತಿಳಿಯಲಿಲ್ಲ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಸೊರೆನ್‌ಸೆನ್ ಅವರು ಪಿ.ಎಚ್. ಮಾನವನ್ನು ರೂಪಿಸಿದ ಮೇಲೆ ಆಮ್ಲತೆಯನ್ನು ಸಂಖ್ಯೆಯಲ್ಲಿ ಹೇಳಲು ಅನುಕೂಲವಾಯಿತು. 1954ರಲ್ಲಿ ಕಾಲ್ಡ್‌ವೆಲ್ ಅವರು ಏಡಿಯ ಸ್ನಾಯುತಂತುವಿನೊಳಗೆ ಸೂಕ್ಷ್ಮವಾದ ಗಾಜಿನ ವಿದ್ಯುದ್ವಾರವನ್ನು ಸೇರಿಸಿ ಅಳೆದರು. ಆದರೆ ಇದು ದೊಡ್ಡ ಕೋಶಗಳಿಗೆ ಮಾತ್ರ ಸಲ್ಲುವ ವಿಧಾನವಾಗಿತ್ತು.

1978ರಲ್ಲಿ ಓಕುಮ ಮತ್ತು ಪೂಲ್ ಅವರು ಫ್ಲೋರೆಸೀನ್ ಎಂಬ ಪ್ರತಿದೀಪಕ ವರ್ಣವನ್ನು ಡೆಕ್ಸ್‌ಟ್ರಾನಿಗೆ ಬಂಧಿಸಿ, ಇಲಿಯ ಭಕ್ಷಕಕೋಶಗಳಿಗೆ ಉಣಿಸಿದರು. ವರ್ಣದ ಹೊಳಪು ಆಮ್ಲತೆಯನ್ನು ಮಾತ್ರವಲ್ಲದೆ ವರ್ಣದ ಪ್ರಮಾಣವನ್ನೂ ಅವಲಂಬಿಸಿರುವುದರಿಂದ, ಹೊಳಪೊಂದನ್ನೇ ನಂಬುವಂತಿಲ್ಲ. ಎರಡು ತರಂಗಾಂತರಗಳ ಬೆಳಕಿನಿಂದ ಉದ್ದೀಪಿಸಿ ಹೊಳಪುಗಳ ನಿಷ್ಪತ್ತಿಯನ್ನು ತೆಗೆದರೆ ಪ್ರಮಾಣದ ಪ್ರಭಾವವು ಕಳೆದುಹೋಗುತ್ತದೆ. ಹೀಗೆ ಲೈಸೊಸೋಮಿನ ಪಿ.ಎಚ್. 4.7ರಿಂದ 4.8ರಷ್ಟೆಂದು ಗೊತ್ತಾಯಿತು.

ಬಿಡಿಯಾದ ವರ್ಣದಲ್ಲಿ ಮತ್ತೊಂದು ದೋಷವಿತ್ತು. ಅದು ಪ್ರೋಟೀನುಗಳಿಗೆ ಅಂಟಿಕೊಂಡು ಅಳತೆಯನ್ನು ಕೆಡಿಸಬಹುದು. ಕೋಶಕ್ಕೆ ವಿಷವೂ ಆಗಬಹುದು. 1990ರ ದಶಕದ ಕೊನೆಯಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಕೋಪಲ್‌ಮನ್ ಮತ್ತು ಸಂಗಡಿಗರು ಸೂಚಕವರ್ಣವನ್ನು ಪಾಲಿಅಕ್ರಿಲಮೈಡಿನ ಅತಿಸೂಕ್ಷ್ಮ ಕಣಗಳೊಳಗೆ ಅಡಗಿಸಿದರು. ಹೈಡ್ರೊಜನ್ ಅಯಾನುಗಳು ಒಳಹೊಗುತ್ತವೆ, ಪ್ರೋಟೀನುಗಳು ಹೊರಗುಳಿಯುತ್ತವೆ. ಆಮ್ಲಕ್ಕೆ ಸ್ಪಂದಿಸದ ಇನ್ನೊಂದು ವರ್ಣವನ್ನು ಜೊತೆಗಿರಿಸಿದರೆ ನಿಷ್ಪತ್ತಿಯೂ ದೊರೆಯುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಯಮುನಾ ಕೃಷ್ಣನ್ ಮತ್ತು ಸಂಗಡಿಗರು ಬೇರೊಂದು ದಾರಿ ಹಿಡಿದು, ಆಮ್ಲತೆಗನುಸಾರವಾಗಿ ಆಕಾರ ಬದಲಿಸುವ ಡಿ.ಎನ್.ಎ. ಸಾಧನವೊಂದನ್ನು 2009ರಲ್ಲಿ ಪ್ರಕಟಿಸಿದುದು ನಮಗೆ ವಿಶೇಷವಾಗಿ ಸ್ಮರಣೀಯ.

ಆದರೂ ಕಣವು ಹೇಳಿದುದೆಲ್ಲ ಸತ್ಯವಲ್ಲ. ಒಂದೇ ಸೂಚಕವರ್ಣವು ಪಿ.ಎಚ್. ಮಾನದ ಕಿರಿದಾದ ವ್ಯಾಪ್ತಿಯಲ್ಲಿ ಮಾತ್ರ ವಿಶ್ವಾಸಾರ್ಹವಾದುದು. ವ್ಯಾಪ್ತಿಯಾಚೆಗೂ ಉಪಕರಣವು ಸಂಖ್ಯೆಯನ್ನೇನೋ ಕೊಡುತ್ತದೆ, ಅದಕ್ಕೆ ಅರ್ಥವಿರುವುದಿಲ್ಲ. 2011ರಲ್ಲಿ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಈ ಅಪಾಯವನ್ನು ಎತ್ತಿ ತೋರಿಸಿ, ಎರಡು ಸೂಚಕವರ್ಣಗಳೂ ಒಂದು ಆಧಾರವರ್ಣವೂ ಉಳ್ಳ ಕಣಗಳಿಂದ ವ್ಯಾಪ್ತಿಯನ್ನು ಹಿಗ್ಗಿಸಿದರು.

ಲಿಟ್ಮಸ್ ಕಣದಿಂದ ಹೊರಟ ವಿಚಾರವು ಮರಳಿ ಕಣಕ್ಕೇ ಬಂದು ನಿಂತಿದೆ. ನಡುವೆ ಬೆಳೆದುದು ಬಣ್ಣವನ್ನು ಕಾಣುವ ಶಕ್ತಿಯಷ್ಟೇ ಅಲ್ಲ, ಕಂಡುದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ವಿವೇಕ.