ಕಾಂಪ್ಟನ್ ವರ್ನಿ: ಶಾಲಾ ಕಲಿಕೆ

ಇಂಗ್ಲೆಂಡಿನ ವಾರಿಕ್‌ಷೈರ್ ಪ್ರಾಂತದ ಕಾಂಪ್ಟನ್ ವರ್ನಿ 18ನೆಯ ಶತಮಾನದ ಮಹಲು, ಕಲಾ ಗ್ಯಾಲರಿ ಮತ್ತು ಉದ್ಯಾನಗಳ ತಾಣ. 1760ರ ದಶಕದಲ್ಲಿ ವಾಸ್ತುಶಿಲ್ಪಿ ರಾಬರ್ಟ್ ಆಡಮ್ ಮಹಲನ್ನು ನವೀಕರಿಸಿ ವಿಸ್ತರಿಸಿದ. ಸುಮಾರು 120 ಎಕರೆಯ ಉದ್ಯಾನ ಮತ್ತು ಸರೋವರ ಲ್ಯಾನ್ಸೆಲಾಟ್ 'ಕೇಪಬಿಲಿಟಿ' ಬ್ರೌನ್‌ನ ವಿನ್ಯಾಸ. ಪಾಳುಬಿದ್ದಿದ್ದ ಕಟ್ಟಡವನ್ನು 1993ರಲ್ಲಿ ಕಲಾಪೋಷಕ ಪೀಟರ್ ಮೂರ್ಸ್ ಅವರ ಪ್ರತಿಷ್ಠಾನ ಕೊಂಡುಕೊಂಡಿತು. 2004ರಲ್ಲಿ ಗ್ಯಾಲರಿ ಪೂರ್ಣವಾಗಿ ತೆರೆಯಿತು.

ಸಂಗ್ರಹ ಮತ್ತು ಕಲಿಕೆ: ಪ್ರಾಚೀನ ಚೀನೀ ಕಂಚಿನ ಪಾತ್ರೆಗಳು, ನೇಪಲ್ಸ್‌ನ ಚಿತ್ರಗಳು, ಬ್ರಿಟಿಷ್ ಭಾವಚಿತ್ರಗಳು ಮತ್ತು ಜಾನಪದ ಕಲೆ ಇಲ್ಲಿವೆ. ಇಂಥ ತಾಣದಲ್ಲಿ ಒಂದೇ ಭೇಟಿ ಹಲವು ಪಾಠಗಳನ್ನು ಬೆಸೆಯಬಲ್ಲದು. ಭಾವಚಿತ್ರದ ಉಡುಪು, ನಿಲುವುಗಳಿಂದ ಇತಿಹಾಸ ಓದಬಹುದು. ಕಂಚಿನ ಅಲಂಕಾರ ನೋಡಿ ಜೇಡಿಮಣ್ಣಿನಲ್ಲಿ ವಿನ್ಯಾಸ ಮಾಡಬಹುದು. ಸರೋವರದ ದಂಡೆಯಲ್ಲಿ ಮರ, ಕೀಟಗಳನ್ನು ಗಮನಿಸಿ ವಿಜ್ಞಾನ ಕಲಿಯಬಹುದು. ಅಂಗಡಿ ಫಲಕ, ಗಾಳಿಸೂಚಿಗಳಂಥ ಜಾನಪದ ಕೃತಿಗಳು ಸಾಮಾನ್ಯ ಕುಶಲಕರ್ಮಿಗಳ ಕೆಲಸವೂ ಕಲೆಯೇ ಎಂಬುದನ್ನು ಮಕ್ಕಳಿಗೆ ಮನಗಾಣಿಸುತ್ತವೆ.

ಮಹತ್ವ: ಪುಸ್ತಕದ ಅಚ್ಚುಚಿತ್ರ ಕೃತಿಯ ಗಾತ್ರವನ್ನಾಗಲಿ ಮೇಲ್ಮೈಯನ್ನಾಗಲಿ ತೋರಿಸಲಾರದು. ಮೂಲಕೃತಿಯ ಮುಂದೆ ನಿಂತು ನೋಡುವ, ಪ್ರಶ್ನಿಸುವ, ಬರೆದು ಬಿಡಿಸುವ ಅವಕಾಶವೇ ಇಂಥ ಕಲಿಕೆಯ ತಿರುಳು. ಭೇಟಿಗೆ ಮೊದಲಿನ ಸಿದ್ಧತೆ ಮತ್ತು ತರಗತಿಯಲ್ಲಿ ಮುಂದುವರಿಯುವ ಚಟುವಟಿಕೆ ಅದನ್ನು ಗಟ್ಟಿಗೊಳಿಸುತ್ತವೆ.