‘ಉಡುಪಿ ಲೋಕಲ್’ ಎಂಬ ನಮೂದು: ಮಟ್ಟುಗುಳ್ಳದ ಪೇಟೆಂಟ್ ವಾದದ ಮರುಪರಿಶೀಲನೆ

ಉಡುಪಿ ಬಳಿಯ ಮಟ್ಟು ಊರಿನ ಬದನೆಯಾದ ಮಟ್ಟುಗುಳ್ಳದ ಬಗ್ಗೆ ಬರೆಯುವವರು ಒಂದು ಮಾತನ್ನು ಪರೀಕ್ಷಿಸದೆ ಒಬ್ಬರಿಂದೊಬ್ಬರು ಎತ್ತಿಕೊಳ್ಳುತ್ತ ಬಂದಿದ್ದಾರೆ. ಬೀಜ ಕಂಪನಿಯೊಂದು ಗುಳ್ಳಕ್ಕೆ ಪೇಟೆಂಟ್ ಹಾಕಿತ್ತು, ಉಡುಪಿಯವರು ಎಚ್ಚೆತ್ತು 2011ರಲ್ಲಿ ಆ ಪೇಟೆಂಟನ್ನು ತಮ್ಮದಾಗಿಸಿಕೊಂಡರು ಎಂಬುದು ಆ ಮಾತು. ಇದರ ಎರಡು ತುಂಡುಗಳೂ ತಪ್ಪು. ಕಂಪನಿಗೆ ಗುಳ್ಳದ ಮೇಲೆ ಪೇಟೆಂಟ್ ಇರಲಿಲ್ಲ. 2011ರಲ್ಲಿ ಮಟ್ಟುವಿಗೆ ಸಿಕ್ಕಿದ್ದು ಭೌಗೋಳಿಕ ಸೂಚಿ, ಅಂದರೆ ಹೆಸರಿನ ರಕ್ಷಣೆ. ತಪ್ಪು ಇಷ್ಟೇ ಆಗಿದ್ದರೆ ಒಂದು ಸಾಲಿನಲ್ಲಿ ತಿದ್ದಿ ಮುಂದೆ ಹೋಗಬಹುದಿತ್ತು. ಆದರೆ ಈ ಮಾತನ್ನು ನಂಬಿದವರು 2005ರಲ್ಲಿ ಧಾರವಾಡದಲ್ಲಿ ನಿಜವಾಗಿ ಏನು ನಡೆಯಿತೆಂದು ನೋಡಲೇ ಇಲ್ಲ. ಪ್ರಶ್ನೆ ಉಳಿದಿರುವುದು ಅಲ್ಲಿ.

ಧಾರವಾಡದಲ್ಲಿ ನಡೆದದ್ದು ಬಿ.ಟಿ. ಬದನೆಯ, ಅಂದರೆ ಹುಳ ತಡೆಯುವ ಜೀನು ಸೇರಿಸಿದ ಬದನೆಯ, ಕೆಲಸ. ಅದರ ಒಟ್ಟು ಕಥೆ ಓದುಗರಿಗೆ ಗೊತ್ತಿರುವಂಥದು. 2009ರ ಅಕ್ಟೋಬರ್ 14ರಂದು ಕೇಂದ್ರದ ತಜ್ಞ ಸಮಿತಿ ಒಪ್ಪಿಗೆ ಕೊಟ್ಟಿತು. ಮರುವರ್ಷ ಏಳು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆದು, ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಮುಗಿಯಿತು. ಮೂರೇ ದಿನಕ್ಕೆ ಆಗಿನ ಪರಿಸರ ಸಚಿವ ಜೈರಾಂ ರಮೇಶ್ ತಡೆ ಘೋಷಿಸಿದರು. ಅದನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ.

ಮೊದಲು ಪೇಟೆಂಟ್ ವಿಷಯ. 1970ರ ಪೇಟೆಂಟ್ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿದ ಕಲಂ 3(ಜೆ) ಪ್ರಕಾರ ಗಿಡ, ಅದರ ಭಾಗ, ಬೀಜ, ತಳಿ ಯಾವುದಕ್ಕೂ ಈ ದೇಶದಲ್ಲಿ ಪೇಟೆಂಟ್ ಇಲ್ಲ. ಉಳಿಯುವುದು ಗಿಡದೊಳಗೆ ಸೇರಿಸಿದ ಜೀನಿನ ಪ್ರಶ್ನೆ. ಬದನೆಗೆ ಸೇರಿಸಿದ್ದು ಕ್ರೈ1ಎಸಿ. ಮೊದಲ ತಲೆಮಾರಿನ ಬಿ.ಟಿ. ಹತ್ತಿಯಲ್ಲಿ ಇದ್ದದ್ದೂ ಇದೇ ಜೀನು, ಆ ಹತ್ತಿಗೆ ಭಾರತದಲ್ಲಿ ಪೇಟೆಂಟ್ ಇರಲಿಲ್ಲ. ಮಾನ್ಸಾಂಟೊ ಮತ್ತು ನುಜಿವೀಡು ಕಂಪನಿಗಳ ನಡುವೆ ದೆಹಲಿ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ (2019ರ ಜನವರಿ 8ರ ತೀರ್ಪು) ಎಳೆದಾಡಿದ 214436ನೇ ಪೇಟೆಂಟ್ ಎರಡನೆಯ ತಲೆಮಾರಿನ ಹತ್ತಿಯ ತಂತ್ರಕ್ಕೆ ಸೇರಿದ್ದು. ಅದನ್ನು ತಂದು ಗುಳ್ಳದ ಕಥೆಗೆ ಅಂಟಿಸುವವರು ಆ ತೀರ್ಪಿನ ಮೊದಲ ಪುಟವನ್ನೂ ತೆರೆದಂತಿಲ್ಲ.

ಈ ತಪ್ಪು ಏಕೆ ಹುಟ್ಟಿತೆಂಬುದು ಅರ್ಥವಾಗುವಂಥದೇ. 1997ರಲ್ಲಿ ಅಮೆರಿಕದಲ್ಲಿ ರದ್ದಾದ ಅರಿಸಿನದ ಪೇಟೆಂಟ್, ಆಮೇಲೆ ಯುರೋಪಿನಲ್ಲಿ ಬಿದ್ದುಹೋದ ಬೇವಿನ ಪೇಟೆಂಟ್, ಇವೆರಡೂ ನಮ್ಮ ಪತ್ರಿಕೆಗಳಿಗೆ ಒಂದು ಅಚ್ಚು ಹಾಕಿಕೊಟ್ಟವು. ಹೊರಗಿನವರು ನಮ್ಮದನ್ನು ಪೇಟೆಂಟ್ ಮಾಡುತ್ತಾರೆ, ನಾವು ಹಳೆಯ ದಾಖಲೆ ತೋರಿಸಿ ಗೆಲ್ಲುತ್ತೇವೆ. ಗುಳ್ಳವನ್ನೂ ಆ ಅಚ್ಚಿಗೆ ಸುರಿದರು. ಗುಳ್ಳದಲ್ಲಿ ನಡೆದದ್ದು ಬೇರೆ ಜಾತಿಯ ವ್ಯವಹಾರ: ಪೇಟೆಂಟ್ ಕಚೇರಿಯ ಹೊಸ್ತಿಲು ತುಳಿಯದೆ, ಒಪ್ಪಂದದ ಕಾಗದದ ಮೇಲೆ ನಡೆದದ್ದು.

ಇನ್ನು ವಿವಾದದ ಸಾಕ್ಷ್ಯಕ್ಕೆ ಬರೋಣ. ಅಮೆರಿಕದ ನೆರವಿನ, ಕಾರ್ನೆಲ್ ವಿಶ್ವವಿದ್ಯಾಲಯ ಮುನ್ನಡೆಸಿದ ಯೋಜನೆಯೊಂದರ ಅಡಿಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಮಹೀಕೊ ಎಂಬ ಬೀಜ ಕಂಪನಿ ಮತ್ತು ಸತ್ಗುರು ಎಂಬ ಸಲಹಾ ಸಂಸ್ಥೆ 2005ರಲ್ಲಿ ಕರಾರು ಮಾಡಿಕೊಂಡವು. ಧಾರವಾಡದಿಂದ ಬಿ.ಟಿ. ಜೀನು ಸೇರಿಸಲು ಆಯ್ದ ಬದನೆಗಳು ಆರು: ಮಾಲಾಪುರ ಲೋಕಲ್, ಮಾಂಜರಿ ಗೋಟಾ, ಕುಡಚಿ ಲೋಕಲ್, ಉಡುಪಿ ಲೋಕಲ್, 112 ಜಿಒ, ಪಬ್ಕವಿ ಲೋಕಲ್. (ಕೊನೆಯದು ರಬಕವಿಯೇ ಇರಬೇಕು. ಊರಿನ ಹೆಸರನ್ನೇ ಸರಿಯಾಗಿ ಬರೆಯದೆ ಆ ಊರಿನ ತಳಿಯನ್ನು ಕೊಟ್ಟ ಕಾಗದ ಕಚೇರಿಯಿಂದ ಕಚೇರಿಗೆ ಹಾಗೆಯೇ ಓಡಾಡಿದೆ.) ಇದೇ ಯೋಜನೆಗೆ ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯ ನಾಲ್ಕು ತಳಿ ಕೊಟ್ಟಿತು.

ನಾಲ್ಕನೆಯ ನಮೂದು, ‘ಉಡುಪಿ ಲೋಕಲ್’, ಮಟ್ಟುಗುಳ್ಳವೇ? ಹೋರಾಟಗಾರರ ಬರಹಗಳು ಹೌದು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತವೆ. ವಿಶ್ವವಿದ್ಯಾಲಯದ ಪರ ನಿಲ್ಲುವವರು ಅದು ತಳಿಶಾಸ್ತ್ರಜ್ಞರ ಸಂಗ್ರಹದ ಒಂದು ಸಾಲು ಮಾತ್ರ, ಊರಿನ ಹೆಸರು ಗುರುತಿಗೆ ಇಟ್ಟದ್ದು, ಅದರಿಂದ ಯಾವ ಊರಿಗೂ ಹಕ್ಕು ಹುಟ್ಟುವುದಿಲ್ಲ ಎನ್ನುತ್ತಾರೆ. ಇಬ್ಬರದೂ ಅವಸರ.

ಮೊದಲನೆಯವರ ತೊಡಕು ಇದು. ಕರಾವಳಿಯಲ್ಲಿ ಗುಂಡು ಬದನೆಗೆಲ್ಲ ಗುಳ್ಳ ಎನ್ನುವ ರೂಢಿ ಇದೆ. ನಾನಿರುವ ಬಜಪೆಯಲ್ಲಿ ತರಕಾರಿ ಅಂಗಡಿಯವರು ಗುಳ್ಳವೆಂದು ತೂಗಿಕೊಡುವುದೆಲ್ಲ ಮಟ್ಟುವಿನ ಗದ್ದೆಯಿಂದ ಬಂದದ್ದಲ್ಲ, ಅದು ಕೊಳ್ಳುವವರಿಗೂ ಗೊತ್ತು. ಉಡುಪಿಯ ಪಕ್ಕದಲ್ಲೇ ಪೆರಂಪಳ್ಳಿಯ ಗುಳ್ಳವಿದೆ. ಮಟ್ಟುವಿನದರ ಲಕ್ಷಣ ಬೇರೆ: ತಿಳಿಹಸಿರು ಮೈ, ಅದರ ಮೇಲೆ ಬಿಳಿಗೆರೆ, ತೊಟ್ಟಿನಲ್ಲಿ ಮುಳ್ಳು, ತೆಳು ಸಿಪ್ಪೆ, ಹುಳಿಯಲ್ಲಿ ಬೇಗ ಕರಗುವ ತಿರುಳು. ‘ಉಡುಪಿ ಲೋಕಲ್’ ಎಂಬ ಎರಡು ಪದ ಇವುಗಳಲ್ಲಿ ಯಾವುದನ್ನೂ ಹೇಳುವುದಿಲ್ಲ.

ಎರಡನೆಯವರ ತೊಡಕು ಇನ್ನೂ ದೊಡ್ಡದು. ಉಡುಪಿ ಜಿಲ್ಲೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾರ್ಯವ್ಯಾಪ್ತಿಯಲ್ಲೇ ಇರಲಿಲ್ಲ. ಕರಾವಳಿಗೆಂದು ಇದ್ದ ಬ್ರಹ್ಮಾವರದ ಸಂಶೋಧನಾ ಕೇಂದ್ರ ಆಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೈಕೆಳಗಿತ್ತು. ಮಾಲಾಪುರ, ಕುಡಚಿ, ರಬಕವಿ ಧಾರವಾಡದವರ ಕಾಲಡಿಯ ಊರುಗಳು. ಅಲ್ಲಿನ ಬದನೆ ಸಂಗ್ರಹದಲ್ಲಿರುವುದು ಸಹಜ. ಉಡುಪಿಯದು ಘಟ್ಟ ಹತ್ತಿ ಹೋಗಬೇಕಾದ ಬೀಜ. ಹಾಗೆ ಒಯ್ಯಲು ಯೋಗ್ಯವೆನಿಸುವಷ್ಟು ಕೀರ್ತಿಯಿದ್ದ ಉಡುಪಿಯ ಬದನೆ ಗುಳ್ಳವೊಂದೇ. ಮಾಧ್ವ ಯತಿ ವಾದಿರಾಜರು ಮಟ್ಟುವಿನವರಿಗೆ ಬೀಜ ಕೊಟ್ಟರೆಂಬ ಐತಿಹ್ಯವನ್ನು ನಾನು ತಳಿಯ ವಯಸ್ಸಿಗೆ ಪುರಾವೆಯಾಗಿ ಬಳಸುವುದಿಲ್ಲ. ಆದರೆ ಈ ಬೀಜವನ್ನು ಕಾಯುವವರು ಯಾರೆಂಬುದು ಊರಿಗೂ ಮಠಕ್ಕೂ ತಲೆಮಾರುಗಳಿಂದ ಗೊತ್ತಿತ್ತು ಎನ್ನಲು ಅದು ಸಾಕು. ಹೀಗಾಗಿ ಆ ನಮೂದು ಉಡುಪಿಯ ಯಾವುದೋ ಒಂದು ಗುಳ್ಳ ಎಂಬುದು ಬಹುಮಟ್ಟಿಗೆ ಖಚಿತ, ಮಟ್ಟುವಿನದು ಎಂಬುದು ಬಲವಾದ ಸಂಭವ. ಅದಕ್ಕಿಂತ ಹೆಚ್ಚನ್ನು ಆ ಪಟ್ಟಿಯಿಂದ ಹಿಂಡಲಾಗದು.

ಈಗ ಯಾರೂ ಸರಿಯಾಗಿ ಓದದ ಕಾಗದಕ್ಕೆ ಬರುತ್ತೇನೆ: ಆ 2005ರ ಕರಾರು. ಅದು ಉಪ-ಪರವಾನಗಿ ಒಪ್ಪಂದ. ಪರವಾನಗಿ ಕೊಡುವುದು ಜೀನನ್ನು ಕೈಯಲ್ಲಿಟ್ಟುಕೊಂಡ ಕಡೆ, ಪಡೆಯುವುದು ವಿಶ್ವವಿದ್ಯಾಲಯ. ಆರು ಊರ ತಳಿಗಳನ್ನು ಮುಂದಿಟ್ಟವರೇ ಕಾಗದದಲ್ಲಿ ಋಣಿಗಳಾಗಿ ಕಾಣುತ್ತಾರೆ. ಜೀನಿಗೆ ಒಡೆಯನಿದ್ದಾನೆ, ಷರತ್ತಿದೆ, ಬಳಕೆಗೆ ಎಲ್ಲೆಯಿದೆ. ಬೀಜಕ್ಕೆ ‘ಲೋಕಲ್’ ಎಂಬ ಚೀಟಿ ಬಿಟ್ಟರೆ ಏನೂ ಇಲ್ಲ. ಪೇಟೆಂಟ್ ಇಲ್ಲದ ಜೀನಿನ ಮೇಲೂ ಒಡೆತನ ಹೂಡಲು ಕರಾರು ಸಾಕಾಯಿತು ಎಂಬುದೇ ಇಲ್ಲಿನ ನಿಜವಾದ ಚರಿತ್ರೆ. ಪೇಟೆಂಟ್ ಹುಡುಕುತ್ತ ಹೊರಟವರಿಗೆ ಇದು ಕಾಣದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಆ ಒಡೆತನದ ಅಳತೆಯನ್ನೂ ನೋಡಬೇಕು. ಜೀನು ಸೇರಿದ ಮೂಲಗಿಡವನ್ನು (ಇಇ-1 ಎಂದು ಅದರ ಗುರುತು) ಊರ ತಳಿಯೊಂದಿಗೆ ಮತ್ತೆ ಮತ್ತೆ ಹಿಂಸಂಕರ ಮಾಡುತ್ತಾರೆ. ಒಂದು ಹಿಂಸಂಕರಕ್ಕೆ ಊರ ತಳಿಯ ಪಾಲು ಸರಾಸರಿ ಶೇ. 75, ಎರಡಕ್ಕೆ 87.5, ಆರಕ್ಕೆ 99.2. ಕ್ರೈ1ಎಸಿ ಜೀನಿನ ಉದ್ದ ಸುಮಾರು ಮೂರೂವರೆ ಸಾವಿರ ಡಿಎನ್‌ಎ ಅಕ್ಷರ; ಬದನೆಯ ಪೂರ್ಣ ಜೀನೋಮು 110 ಕೋಟಿಗೂ ಮಿಕ್ಕಿದ್ದು. ಅಂದರೆ ಹತ್ತು ಲಕ್ಷಕ್ಕೆ ಮೂರು ಅಕ್ಷರ. ಕೊನೆಗೆ ಮಾರುಕಟ್ಟೆಗೆ ಬರಬೇಕಿದ್ದ ಗಿಡದ ಬಣ್ಣ, ರುಚಿ, ಮಣ್ಣಿಗೆ ಹೊಂದುವ ಗುಣ, ಎಲ್ಲವೂ ಹೆಸರಿಲ್ಲದ ಕಡೆಯಿಂದ ಬಂದದ್ದು. ಬೆಲೆಯ ತೀರ್ಮಾನ ಅಕ್ಷರ ಎಣಿಸಿ ಆಗುವುದಿಲ್ಲ, ಒಪ್ಪುತ್ತೇನೆ. ಕಾಯಿಕೊರಕ ಹುಳವನ್ನು ತಡೆಯುವ ಗುಣ ಸಣ್ಣದಲ್ಲ. ಆದರೆ ಒಂದು ಪಾಲಿಗೆ ಪುಟಗಟ್ಟಲೆ ಷರತ್ತು, ಉಳಿದ ಪಾಲಿಗೆ ಒಂದು ಚೀಟಿ ಎಂಬ ಏರ್ಪಾಡಿಗೆ ವಿಜ್ಞಾನದ ಸಮರ್ಥನೆ ಇಲ್ಲ.

2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟದ್ದು ಪೇಟೆಂಟ್ ಬಗ್ಗೆ ಅಲ್ಲವೇ ಅಲ್ಲ, 2002ರ ಜೀವವೈವಿಧ್ಯ ಕಾಯ್ದೆಯ ಉಲ್ಲಂಘನೆಯ ಬಗ್ಗೆ. ಆ ಕಾಯ್ದೆಯ ಕಲಂ 3ರಂತೆ ಬಂಡವಾಳದಲ್ಲಿ ಅಥವಾ ಆಡಳಿತದಲ್ಲಿ ವಿದೇಶಿ ಪಾಲಿರುವ ಕಂಪನಿ ಇಲ್ಲಿನ ಜೈವಿಕ ಸಂಪನ್ಮೂಲವನ್ನು ಸಂಶೋಧನೆಗೋ ವ್ಯಾಪಾರಕ್ಕೋ ಪಡೆಯಬೇಕಾದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಮುಂಗಡ ಒಪ್ಪಿಗೆ ಬೇಕಿತ್ತು. ಮಹೀಕೊದಲ್ಲಿ ಆಗ ಮಾನ್ಸಾಂಟೊದ ಪಾಲು ಶೇ. 26 ಇತ್ತು. ಸ್ಥಳೀಯ ಜೀವವೈವಿಧ್ಯ ಸಮಿತಿಗಳನ್ನು ಕೇಳಬೇಕೆಂದು ಕಲಂ 41 ಹೇಳುತ್ತದೆ. ಇದು ಸಹಯೋಗದ ಸಂಶೋಧನೆ, ಕಲಂ 5ರ ವಿನಾಯಿತಿ ಅನ್ವಯಿಸುತ್ತದೆ ಎಂಬ ಸಮರ್ಥನೆ ನಿಲ್ಲಬೇಕಾದರೆ ಯೋಜನೆ ಕೇಂದ್ರದ ಮಾರ್ಗಸೂಚಿಗೆ ಹೊಂದಬೇಕು. ಮಾರಾಟದ ತಳಿ ತಯಾರಿಸಲು ಪರವಾನಗಿ ಬರೆದುಕೊಂಡ ಮೇಲೆ ಅದನ್ನು ಬರೀ ಸಂಶೋಧನೆ ಎನ್ನುವುದು ನನಗಂತೂ ಒಪ್ಪಿಗೆಯಾಗದು.

ಇಲ್ಲಿ ಗಮನಿಸಬೇಕಾದ ಸಂಗತಿ ಇದೆ. ಕಲಂ 3ಕ್ಕೆ ಬದನೆ ಮಟ್ಟುವಿನದೋ ಪೆರಂಪಳ್ಳಿಯದೋ ಎಂಬುದು ಬೇಕಾಗಿಲ್ಲ, ಭಾರತದ್ದಾದರೆ ಸಾಕು. ಹಾಗಾಗಿ ‘ಅದು ಮಟ್ಟುಗುಳ್ಳವೆಂದು ಸಾಬೀತು ಮಾಡಿ’ ಎಂಬ ಸವಾಲು ಆರೋಪಕ್ಕೆ ಉತ್ತರವೇ ಅಲ್ಲ. ಗುರುತು ಬೇಕಾಗುವುದು ಮುಂದೆ, ಕಲಂ 21ರ ಲಾಭ ಹಂಚಿಕೆಯಲ್ಲಿ: ನಿರ್ದಿಷ್ಟ ವ್ಯಕ್ತಿಯಿಂದ ಅಥವಾ ಗುಂಪಿನಿಂದ ಸಂಪನ್ಮೂಲ ಪಡೆದಿದ್ದರೆ ಹಣವನ್ನು ನೇರವಾಗಿ ಅವರಿಗೇ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಸಸ್ಯ ತಳಿ ಸಂರಕ್ಷಣೆಯ 2001ರ ಕಾಯ್ದೆಯ ಕಲಂ 43 ಕೂಡ ರೈತರ ತಳಿಯಿಂದ ಹುಟ್ಟಿಸಿದ ತಳಿಗೆ ಆ ರೈತರ ಒಪ್ಪಿಗೆ ಕೇಳುತ್ತದೆ. ‘ಲೋಕಲ್’ ಎಂಬ ಚೀಟಿ ಅಪರಾಧವನ್ನು ಮುಚ್ಚುವುದಿಲ್ಲ, ಹಕ್ಕುದಾರನನ್ನು ಮುಚ್ಚುತ್ತದೆ. ಉದ್ದೇಶಪೂರ್ವಕವೆಂದು ನಾನು ಹೇಳುತ್ತಿಲ್ಲ. ತಳಿಶಾಸ್ತ್ರಜ್ಞರ ನಿತ್ಯದ ರೂಢಿಯೇ ಆ ಕೆಲಸ ಮಾಡಿತು.

ಭೌಗೋಳಿಕ ಸೂಚಿಯನ್ನು ಗೆಲುವಾಗಿ ಓದುವವರಿಗೂ ಇದೇ ಉತ್ತರ. ಬೇರೆ ಊರಿನ ಕಾಯಿಯನ್ನು ಮಟ್ಟುಗುಳ್ಳವೆಂದು ಮಾರದಂತೆ ಅದು ತಡೆಯುತ್ತದೆ. ಬೀಜ ಪ್ರಯೋಗಾಲಯಕ್ಕೆ ಹೋಗುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. 2005ಕ್ಕೆ ಮೊದಲೇ ಸಿಕ್ಕಿದ್ದರೂ ಇರುತ್ತಿರಲಿಲ್ಲ.

2010ರ ಆ ದೂರಿನ ಮೇಲೆ ಪ್ರಾಧಿಕಾರ 2011ರ ಜೂನ್‌ನಲ್ಲಿ ಕಾನೂನು ಕ್ರಮಕ್ಕೆ ನಿರ್ಧರಿಸಿತು. 2012ರ ನವೆಂಬರ್‌ನಲ್ಲಿ ಧಾರವಾಡದ ನ್ಯಾಯಾಲಯದಲ್ಲಿ ದೂರು ದಾಖಲಾಯಿತು. 2013ರ ಅಕ್ಟೋಬರ್‌ನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಅದನ್ನು ರದ್ದುಪಡಿಸಲು ಒಪ್ಪಲಿಲ್ಲ. ಅದೇ ತಿಂಗಳು ಬಾಂಗ್ಲಾದೇಶ ಇದೇ ಇಇ-1ರಿಂದ ಬಂದ ನಾಲ್ಕು ಬದನೆಗಳಿಗೆ ಒಪ್ಪಿಗೆ ಕೊಟ್ಟಿತು. ಇತ್ತ ಕಾಯ್ದೆಯೇ ಬದಲಾಯಿತು. 2023ರ ತಿದ್ದುಪಡಿ ಐದು ವರ್ಷದವರೆಗಿನ ಜೈಲುಶಿಕ್ಷೆಯನ್ನು ತೆಗೆದು ದಂಡವನ್ನಷ್ಟೇ ಉಳಿಸಿತು. ‘ವಿದೇಶಿ ಪಾಲು’ ಎಂಬಲ್ಲಿ ‘ವಿದೇಶಿ ನಿಯಂತ್ರಣ’ ಬಂತು. ಶೇ. 26ರ ಪಾಲನ್ನೇ ಆಧಾರವಾಗಿಟ್ಟು 2010ರಂತಹ ದೂರು ಕೊಡುವುದು ಇನ್ನು ಸುಲಭವಲ್ಲ.

ಹಾಗಾದರೆ ಉಳಿದಿರುವ ದಾರಿ ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲೆ. ಮಟ್ಟುವಿನ ಸಮಿತಿಗಾಗಲಿ ನಮ್ಮ ಬಜಪೆಯ ಸಮಿತಿಗಾಗಲಿ ನನ್ನ ಕೋರಿಕೆ ಒಂದೇ: ಗುಳ್ಳ, ಊರಬೆಂಡೆ, ಅಲಸಂಡೆ, ಮಂಗಳೂರು ಸೌತೆಯ ಬೀಜಗಳನ್ನು ಬೆಳೆದವರ ಹೆಸರು, ಗದ್ದೆಯ ಗುರುತು, ಕಾಯಿಯ ಲಕ್ಷಣಗಳೊಂದಿಗೆ ಬರೆದಿಡಿ. ‘ಲೋಕಲ್’ ಎಂದು ಮಾತ್ರ ಬರೆಯಬೇಡಿ.